ಗುಲಾಬಿ ಬಣ್ಣದ ನೀರು

ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸಿದೊಡನೆ ಏಳುವ ಆವಿಯಲ್ಲಿ ತುಕ್ಕು, ಬೆಂದ ರಬ್ಬರು, ಹಳೆಯ ಎಣ್ಣೆ ಎಲ್ಲ ಬೆರೆತ ಒಂದು ವಾಸನೆಯಿರುತ್ತದೆ. ಗುರುರಾಜನಿಗೆ ಅದು ಅಪ್ಪನ ವಾಸನೆ. ಮೈಸೂರಿನ ಗ್ಯಾರೇಜಿನಲ್ಲಿ ಏಳು ವರ್ಷದ ಅವನನ್ನು ಜೀಪಿನ ಮಡ್‌ಗಾರ್ಡಿನ ಮೇಲೆ ಕೂರಿಸಿ ಅಪ್ಪ ಹೇಳುತ್ತಿದ್ದರು: "ಇಂಜಿನ್ ಸಾಯೋದು ಪೆಟ್ರೋಲಿಂದ ಅಲ್ಲ ಕಣೋ, ನೀರಿಂದ."

ಐವತ್ತೆರಡನೆಯ ವಯಸ್ಸಿನಲ್ಲಿ, ಟೋಕಿಯೋದಿಂದ ಯಮನಕಾ ಸರೋವರಕ್ಕೆ ಹೊರಟ ಬಸ್ಸಿನಲ್ಲಿ ಕುಳಿತು, ಅವನು ಆ ಮಾತನ್ನು ಮೊದಲ ಬಾರಿಗೆ ಒಂದು ಉಪಾಯವಾಗಿ ನೆನೆದ.

ಆ ಸರೋವರದಲ್ಲಿ 'ಬೆಳ್ಳಕ್ಕಿ' ಇತ್ತು. ಟೋಕಿಯೋದ ಪೂರ್ವ ಅಂಚಿನ ಎಡೋಗಾವಾ, ಇಚಿಕಾವಾ ಕಡೆಯ ಹನ್ನೊಂದು ಕನ್ನಡ ಕುಟುಂಬಗಳು ಸೇರಿ ಇಟ್ಟುಕೊಂಡಿದ್ದ ಹಳೆಯ ಮೋಟಾರು ದೋಣಿ. ಅದನ್ನು ಹುಡುಕಿದವನು ಗುರುರಾಜ. ಒಂಬತ್ತು ಬೇಸಿಗೆ ಅದರ ಚುಕ್ಕಾಣಿ ಹಿಡಿದವನೂ ಅವನೇ. ಆಗಸ್ಟಿನಲ್ಲಿ ಒಮ್ಮೆ, ಒಂದೇ ಒಂದು ಸಲ, ದೋಣಿ ಕಟ್ಟೆಗೆ ತಾಗಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಸೆಪ್ಟೆಂಬರಿನಲ್ಲಿ, ಫುನಾಬೊರಿಯಲ್ಲಿ ಸೇರಿದ ಸಭೆಯಲ್ಲಿ, ಎಲ್ಲರೂ ಕೈಯೆತ್ತಿ ಸಂದೀಪನನ್ನು ಕ್ಯಾಪ್ಟನ್ ಮಾಡಿದರು. ಮೂವತ್ತನಾಲ್ಕು ವರ್ಷದ ಸಂದೀಪನಿಗೆ ದೋಣಿಯ ಪಾಠ ಹೇಳಿಕೊಟ್ಟಿದ್ದವನೂ ಗುರುರಾಜನೇ.

"ಗುರು ಸರ್, ಸಾಕಷ್ಟು ಮಾಡಿದೀರ. ಇನ್ಮೇಲೆ ಆರಾಮಾಗಿ ರೆಸ್ಟ್ ತಗೊಳ್ಳಿ," ಎಂದಿದ್ದ ಸಂದೀಪ.

ರೆಸ್ಟ್. ಆ ಪದವನ್ನು ಗುರುರಾಜ ಮರೆಯಲಿಲ್ಲ.

ಇಪ್ಪತ್ತೈದು ವರ್ಷಗಳಿಂದ ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವನ ಕೆಲಸ. ಹಾಗಾಗಿ ತನ್ನ ಯೋಜನೆಯನ್ನೂ ಅವನು ಹಾಗೆಯೇ ಮೂಲೆ ಮೂಲೆ ತಟ್ಟಿ ನೋಡಿದ. ಜನವರಿಯಲ್ಲಿ ಆ ಸರೋವರದ ಸುತ್ತ ಚಳಿ ಸೊನ್ನೆಗಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗಿಳಿಯುತ್ತದೆ. ಇಂಜಿನ್ನಿನ ಒಡಲಲ್ಲಿ ನೀರಿದ್ದರೆ ಅದು ಹೆಪ್ಪುಗಟ್ಟಿ ಹಿಗ್ಗಿ ಕಬ್ಬಿಣವನ್ನೇ ಸೀಳುತ್ತದೆ. ಅದಕ್ಕೇ ಡಿಸೆಂಬರಿನಲ್ಲಿ ದೋಣಿಯನ್ನು ದಡಕ್ಕೆಳೆದು, ನೀರನ್ನೆಲ್ಲ ಬಸಿದು, ಚಳಿಗೆ ಗಟ್ಟಿಯಾಗದ ಗುಲಾಬಿ ಬಣ್ಣದ ದ್ರವವನ್ನು ಇಂಜಿನ್ನಿಗೆ ಕುಡಿಸುತ್ತಾರೆ. ಹೊಗೆ ಕೊಳವೆಯಿಂದ ಗುಲಾಬಿ ಬಣ್ಣ ಹೊರಬಂದರೆ ಕೆಲಸ ಮುಗಿಯಿತೆಂದು ಲೆಕ್ಕ. ಅದರ ಒಂದು ತೊಟ್ಟೂ ಸರೋವರಕ್ಕೆ ಬೀಳಬಾರದು. ಬಕೆಟ್ಟಿನಲ್ಲಿ ಹಿಡಿದು, ದೋಣಿ ಇಡುವ ಷೆಡ್ಡಿನ ಹೊರಗೆ ಸೂರಿನ ಕೆಳಗಿಟ್ಟರೆ ತಿಂಗಳ ಕೊನೆಗೆ ಲಾರಿ ಬಂದು ಒಯ್ಯುತ್ತದೆ. ಒಂಬತ್ತು ವರ್ಷ ಗುರುರಾಜ ಅದನ್ನು ತಪ್ಪದೆ ಪಾಲಿಸಿದ್ದ.

ಈ ಸಲ ಅದೆಲ್ಲ ಸಂದೀಪನ ಕೆಲಸ. ಪುಸ್ತಕದಲ್ಲಿದ್ದಂತೆಯೇ ಅವನು ಮಾಡುತ್ತಾನೆ. ಫೋಟೋ ತೆಗೆಯುತ್ತಾನೆ, ಪಟ್ಟಿಯಲ್ಲಿ ಸಹಿ ಹಾಕುತ್ತಾನೆ. ದ್ರವದ ಡಬ್ಬಿಯೊಳಗಿರುವುದು ಮಾತ್ರ ಬರೀ ನೀರು, ಜೊತೆಗೆ ಒಂದು ಚಿಟಿಕೆ ಬಣ್ಣ.

ಆ ಬಣ್ಣ ನಿಶಿ ಕಸಾಯಿಯ ಇಂಡಿಯನ್ ಅಂಗಡಿಯದು.

"ಬರ್ಫಿಗೆ ಅಂತ ತಂದಿಟ್ಟ ಪಿಂಕ್ ಕಲರ್ ಎಲ್ರೀ ಹೋಯ್ತು?" ಎಂದು ಹೆಂಡತಿ ಜಲಜಾ ಅಡುಗೆಮನೆಯಿಂದ ಕೇಳಿದ್ದಳು.

"ನನಗೇನ್ ಗೊತ್ತು? ನಾನೇನು ತುಟಿಗೆ ಹಚ್ಕೊಳ್ತೀನಾ?"

"ಹಚ್ಕೊಂಡ್ರೂ ಯಾರೂ ನೋಡಲ್ಲ ಬಿಡಿ," ಎಂದು ಅವಳು ನಕ್ಕಳು.

ನವೆಂಬರಿನ ಒಂದು ಶನಿವಾರ, ಮರೆತ ಟಾರ್ಚು ತರುವ ನೆಪದಲ್ಲಿ ಅವನು ದೋಣಿ ಷೆಡ್ಡಿಗೆ ಬಂದ. ಕಪಾಟಿನಲ್ಲಿದ್ದ ಆರು ಡಬ್ಬಿಗಳ ದ್ರವವನ್ನು ತಾನು ತಂದಿದ್ದ ಕ್ಯಾನುಗಳಿಗೆ ಸುರಿದುಕೊಂಡ. ಡಬ್ಬಿಗಳಿಗೆ ನೀರು ತುಂಬಿ ಬಣ್ಣ ಕದಡಿದ. ಬೆಳಕಿಗೆ ಹಿಡಿದು ನೋಡಿದ. ಅದೇ ತಿಳಿ ಗುಲಾಬಿ. ಮುಂದೆ ಮೆಕ್ಯಾನಿಕ್ ಇಂಜಿನ್ ಬಿಚ್ಚಿದರೂ ಹೇಳುವುದು ಒಂದೇ: ನೀರನ್ನು ಪೂರ್ತಿ ಬಸಿದಿಲ್ಲ, ದ್ರವ ತೆಳುವಾಗಿದೆ, ಮಾಡಿದವನಿಗೆ ಗಮನವಿಲ್ಲ.

ಹೊರಗೆ ಬಂದಾಗ ಫುಮಿ ಸಾನ್ ನಿಂತಿದ್ದರು. ಗಂಡ ತೀರಿದ ಮೇಲೆ ಆ ಷೆಡ್ಡನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದ ಎಪ್ಪತ್ತೈದರ ಹೆಂಗಸು. ಅವನು ಮಾಂಸ ತಿನ್ನುವುದಿಲ್ಲವೆಂದು ಒಂಬತ್ತು ವರ್ಷದಿಂದ ಅವನ ಸೂಪಿಗೆ ಮೀನಿನ ಪುಡಿ ಬೀಳದಂತೆ ನೋಡಿಕೊಂಡವರು.

"ಚಳಿ ಅಲ್ವಾ, ಗುರು ಸಾನ್?" ಎಂದು ಬಿಸಿ ನೀರಲ್ಲಿ ಹಿಂಡಿದ ಬಿಳಿ ಕೈವಸ್ತ್ರ ಚಾಚಿದರು.

ಅವನು ಕೈ ಒರೆಸಿಕೊಂಡ. ಬಟ್ಟೆಯ ಮೇಲೆ ಐದು ಬೆರಳಿನ ಗುಲಾಬಿ ಗುರುತು ಮೂಡಿತು.

"ಸುಮಿಮಾಸೆನ್, ಕ್ಷಮಿಸಿ, ಬಟ್ಟೆ ಹಾಳು ಮಾಡಿದೆ."

"ತೊಳೆದರೆ ಹೋಗುತ್ತೆ," ಎಂದರು ಫುಮಿ ಸಾನ್.

ಡಿಸೆಂಬರಿನ ಮೊದಲ ಭಾನುವಾರ ಸಂದೀಪ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದ: ಕೊಳವೆಯಿಂದ ಧುಮುಕುವ ಗುಲಾಬಿ ಧಾರೆ, ಕೆಳಗೆ ಬಕೆಟ್ಟು, ಪಕ್ಕದಲ್ಲಿ ಅವನ ಹೆಬ್ಬೆರಳು. ಗುರುರಾಜ ಎಲ್ಲರಿಗಿಂತ ಮೊದಲು ಚಪ್ಪಾಳೆಯ ಚಿತ್ರ ಕಳಿಸಿದ.

ಆಮೇಲೆ ಅವನು ಬೆಳಿಗ್ಗೆ ಎದ್ದವನೇ ಫೋನಿನಲ್ಲಿ ಯಮನಕಾದ ಹವಾಮಾನ ನೋಡತೊಡಗಿದ. ಮೈನಸ್ ನಾಲ್ಕು. ಮೈನಸ್ ಏಳು. ಸಂಕ್ರಾಂತಿಯ ವಾರ ಮೈನಸ್ ಹನ್ನೊಂದು. ಆಫೀಸಿಗೆ ಹೋಗುವ ರೈಲಿನಲ್ಲಿ ನೂಕುನುಗ್ಗಲಿನ ನಡುವೆ ಕಣ್ಮುಚ್ಚಿ, ದೂರದ ಕತ್ತಲ ಷೆಡ್ಡಿನಲ್ಲಿ ಕಬ್ಬಿಣ ಟಪ್ಪೆಂದು ಸೀಳುವುದನ್ನು ಕಿವಿಗೊಟ್ಟು ಕೇಳುತ್ತಿದ್ದ.

ಎಳ್ಳು ಬೆಲ್ಲ ಹಂಚಲು ಸೇರಿದ್ದ ಸಭೆಯಲ್ಲಿ ಅವನು ಕೊನೆಯ ಮೊಳೆ ಹೊಡೆದ. "ನಾಳೆ ಯಾರೂ ಯಾರನ್ನೂ ದೂರಬಾರದು, ಅದಕ್ಕೆ ಒಂದು ರೂಲ್ ಇರಲಿ. ಯಾರ ಕೈಯಿಂದ ದೋಣಿಗೆ ಹಾನಿ ಆಗುತ್ತೋ ಅವರು ಮತ್ತೆ ಬೆಳ್ಳಕ್ಕಿ ಹತ್ತಬಾರದು."

"ಇಷ್ಟು ಸ್ಟ್ರಿಕ್ಟ್ ಬೇಕಾ ಸರ್?" ಎಂದ ಸಂದೀಪ.

"ಮೊದಲು ನಾನೇ ಸೈನ್ ಮಾಡ್ತೀನಿ ಕಣಯ್ಯಾ. ನಿನಗೇನು ಭಯ?"

ಎಲ್ಲರೂ ಸಹಿ ಹಾಕಿದರು. ಗುರುರಾಜ ಅದೇ ಕಾಗದದ ಕೆಳಗೆ ಜಪಾನಿ ತರ್ಜುಮೆ ಬರೆದು, ಸಹಿಗಳ ಸಮೇತ ಅಂಚೆಯಲ್ಲಿ ಕಳಿಸಿದ. ಫುಮಿ ಸಾನ್ ಅದನ್ನು ಷೆಡ್ಡಿನ ಆಫೀಸಿನ ಗೋಡೆಗೆ ಅಂಟಿಸಿದರು.

ಏಪ್ರಿಲಿನ ಮೂರನೆಯ ಭಾನುವಾರ ಹನ್ನೊಂದು ಕುಟುಂಬಗಳೂ ಸರೋವರದ ದಡಕ್ಕೆ ಬಂದವು. ಮಕ್ಕಳು ಜಪಾನಿಯಲ್ಲಿ ಕಿರುಚುತ್ತಿದ್ದರು, ತಾಯಂದಿರು ಕನ್ನಡದಲ್ಲಿ ಗದರುತ್ತಿದ್ದರು. ಬೆಳ್ಳಕ್ಕಿಯನ್ನು ನೀರಿಗಿಳಿಸಿದರು. ಸಂದೀಪ ಕೀಲಿ ಹಾಕಿದ. ಗುರುರಾಜ ಮುಖಕ್ಕೆ ಮರುಕವನ್ನು ಆಗಲೇ ಸಿದ್ಧಮಾಡಿಕೊಂಡು, ಉಸಿರು ಹಿಡಿದು ನಿಂತ.

ಇಂಜಿನ್ ಒಮ್ಮೆ ಕೆಮ್ಮಿ, ಮರುಕ್ಷಣ ಹದವಾಗಿ ಗುಡುಗತೊಡಗಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಸಂದೀಪ ಚುಕ್ಕಾಣಿ ಬಿಟ್ಟು ಎದ್ದು ನಿಂತು ಕೈ ಬೀಸಿದ. "ಗುರು ಸರ್, ಬನ್ನಿ! ಫಸ್ಟ್ ರೌಂಡ್ ನೀವೇ ಓಡಿಸಬೇಕು. ನಾವೆಲ್ಲ ಮೊದಲೇ ಡಿಸೈಡ್ ಮಾಡಿದೀವಿ. ನಿಮ್ಮ ಸೀಟ್ ಇದು!"

ಗುರುರಾಜ ಏನೂ ಅರ್ಥವಾಗದೆ ಒಂದು ಹೆಜ್ಜೆ ಮುಂದಿಟ್ಟ. ಆಗ ಯಾರೋ ಅವನ ತೋಳನ್ನು ಮೆಲ್ಲಗೆ ಮುಟ್ಟಿದರು. ಫುಮಿ ಸಾನ್. ಇಂಜಿನ್ನಿನ ಸದ್ದಿನಲ್ಲಿ ಅವನೊಬ್ಬನಿಗೇ ಕೇಳುವಂತೆ, ಮಗುವಿಗೆ ಹೇಳುವಷ್ಟು ನಿಧಾನವಾಗಿ ಅವರು ಮಾತಾಡಿದರು. ಸಂದೀಪ ಸಾನ್ ಸೂರಿನ ಕೆಳಗಿಟ್ಟುಹೋದ ಬಕೆಟ್ಟು ಎರಡೇ ರಾತ್ರಿಗೆ ಕಲ್ಲಾಗಿತ್ತು, ಒಳ್ಳೆಯ ದ್ರವವಾದರೆ ಹಾಗೆ ಗಟ್ಟಿಯಾಗುವುದಿಲ್ಲ, ಅದಕ್ಕೇ ಷೆಡ್ಡಿನೊಳಗಿನ ಇಂಜಿನ್ ಹೆಪ್ಪುಗಟ್ಟುವ ಮೊದಲೇ ಅದರಲ್ಲಿದ್ದುದನ್ನೆಲ್ಲ ಬಸಿದು, ನನ್ನ ಬಳಿ ಬೇರೆಯಿದ್ದ ದ್ರವವನ್ನು ನಾನೇ ತುಂಬಿಸಿದೆ. ಯಾರಿಗೂ ಹೇಳಿಲ್ಲ. ಚಳಿಗಾಲವಿಡೀ ಅವನು ಇಂಜಿನ್ನಿನೊಳಗಿನ ನೀರು ಮಂಜುಗಡ್ಡೆಯಾಗುವುದನ್ನೇ ಕಲ್ಪಿಸಿಕೊಂಡಿದ್ದ. ಸೂರಿನ ಕೆಳಗಿಟ್ಟ ಬಕೆಟ್ಟಿನ ನೀರೂ ಮಂಜುಗಡ್ಡೆಯಾದೀತೆಂದು ಮೈಸೂರಿನಲ್ಲಿ ಬೆಳೆದವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. "ಇವತ್ತು ನೀವು ದಡದಲ್ಲೇ ಇರ್ತೀರಲ್ಲ, ಗುರು ಸಾನ್," ಎಂದು ಫುಮಿ ಸಾನ್ ತಲೆಬಾಗಿದರು. ಅವರ ಹಿಂದೆ, ಆಫೀಸಿನ ತೆರೆದ ಬಾಗಿಲಿನೊಳಗೆ, ಗೋಡೆಯ ಮೇಲಿನ ಕಾಗದದಲ್ಲಿ ಮೊದಲ ಸಹಿ ಅವನದೇ. "ದೋಣಿ ವಾಪಸ್ ಬರೋಕೆ ಹೊತ್ತಾಗುತ್ತೆ. ಮೀನು ಹಾಕಿಲ್ಲ." ಅವರು ಎರಡೂ ಕೈಯಲ್ಲಿ ಅವನಿಗೆ ಊಟದ ಡಬ್ಬಿ ಕೊಟ್ಟರು. ಅದನ್ನು ಸುತ್ತಿದ್ದ ಬಿಳಿ ಬಟ್ಟೆಯ ಮೇಲೆ, ಎಷ್ಟು ತೊಳೆದರೂ ಹೋಗದೆ, ಐದು ಬೆರಳಿನ ಗುಲಾಬಿ ಗುರುತು ಮಾಸಲಾಗಿ ಉಳಿದಿತ್ತು.