ಬೆಂಡಿನಿಂದ ಆರು ಅಡಿ

ನಾನು ನೀರು ಕದ್ದು ಮಾರುತ್ತೇನೆಂದು ಸುಶ್ಮಿತಾ ಪಂಚಾಯಿತಿಗೆ ಬರೆದುಕೊಟ್ಟ ದಿನವೇ ಅವಳ ಮುಖವನ್ನು ಸರಿಯಾಗಿ ನೋಡಿದ್ದು. ಚೆಲುವೆ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಆಡಕಿ ಊರಿಗೆ ನೀರು ಬಿಡುವವನು ನಾನು, ಎಂಟು ವರ್ಷದಿಂದ. ಅವಳು ಚಿತ್ತಾಪುರದ ಹುಡುಗಿ, ಹೊಸ ಇಂಜಿನಿಯರ್. ಬಂದ ವಾರದಲ್ಲೇ, ಊರ ಹೊರಗೆ ಪೈಪು ಮೊಣಕೈಯಂತೆ ತಿರುಗುವ ಬೆಂಡಿನ ಪಕ್ಕ ಮೀಟರ್ ಕೂಡಿಸಿದಳು. ನೀರಿನ ಟಾಕಿಯಿಂದ ಹೊರಟದ್ದಕ್ಕಿಂತ ಮೀಟರಿನಲ್ಲಿ ಕಾಲುಭಾಗ ಕಡಿಮೆ. ಮೂರು ದಿನದಲ್ಲಿ ನಾನು ಉತ್ತರ ಕೊಡಬೇಕು, ಇಲ್ಲದಿದ್ದರೆ ಕೆಲಸ ಹೋಗುತ್ತದೆ.

ಅವಳನ್ನು ಮೀಟರ್ ಹತ್ತಿರ ಕರೆದೆ. ಸ್ಕೂಟಿ ನಿಲ್ಲಿಸಿ ಬಂದಳು, ಹೆಲ್ಮೆಟ್ ತೆಗೆಯಲಿಲ್ಲ.

“ಯಾರಿಗಿ ಮಾರೀರಿ, ಹೇಳ್ರಿ ಅಶೋಕಕುಮಾರ. ಹೋಟೆಲ್‌ದವರಿಗೇನು?”

“ನಿಮ್ಮ ಮೀಟರಿಗೇ ಕೇಳ್ರಿ ಮೇಡಮ್. ಬೆಂಡಿಗಿ ಹಚ್ಚಿ ಕೂಡಿಸೀರಲ್ಲ ಅದನ್ನ.”

“ನನಗ ಕಲಿಸಾಕತ್ತೀರೇನು?”

“ನೀವು ಪುಸ್ತಕ ಓದೀರಿ. ನಾ ಈ ಪೈಪಿನ ಮ್ಯಾಲ ಕುಂತು ರೊಟ್ಟಿ ತಿಂದೀನಿ. ಇಲ್ಲಿ ಕೈ ಇಡ್ರಿ.”

“ಇಟ್ರ ಏನಾಗ್ತದ?”

“ಸುಡಂಗಿಲ್ಲ. ಇಡ್ರಿ.”

ಪರಸಿ ಬಂಡೆಯ ನೆಲ, ಅಗೆಯಲಾಗದೆ ಪೈಪು ಮೇಲೆಯೇ ಬಿದ್ದಿದೆ. ಬೆಂಡಿನ ಪಕ್ಕ ಅಂಗೈ ಇಟ್ಟಳು. ಒಳಗೆ ನೀರು ಗುದ್ದಾಡುತ್ತಿತ್ತು. ಅವಳ ಗಾಜಿನ ಬಳೆಗಳು ಸಣ್ಣಗೆ ನಡುಗಿ ಸದ್ದು ಮಾಡಿದವು. ನಾನು ಕೇಳಿಸಿಕೊಂಡದ್ದನ್ನು ಅವಳು ಓರೆಗಣ್ಣಲ್ಲಿ ನೋಡಿದಳು. ಆರು ಅಡಿ ಆಚೆ ಕೈ ಇಡಿಸಿದೆ. ಬಳೆ ಸುಮ್ಮನಾದವು.

ಹೆಲ್ಮೆಟ್ ತೆಗೆದಳು.

“ಪೈಪಿನ ಗ್ವಾಡಿಗಿ ಹತ್ತಿದ ನೀರು ನಿಂತಂಗೇ ಇರ್ತದ, ನಡುವಿಂದು ಓಡ್ತದ,” ಎಂದಳು, ತನಗೇ ಹೇಳಿಕೊಳ್ಳುವಂತೆ. “ತಿರುವಿನಾಗ ಎಲ್ಲಾ ಕಲಸಿ ಹೋಗ್ತದ. ಮತ್ತ ನೆಟ್ಟಗಾಗಾಕ ಅದಕ್ಕ ದೂರ ಬೇಕು. ಅಲ್ಲಿತನ ಮೀಟರ್ ಖರೇ ಹೇಳಂಗಿಲ್ಲ. ಪರೀಕ್ಷಾದಾಗ ಬರ್ದಿದ್ದೆ ನಾ.”

“ಇಲ್ಲಿ ಮರ್ತೀರಿ.”

ಮರುದಿನ ಪೈಪು ಕತ್ತರಿಸಿ ಮೀಟರನ್ನು ಆರು ಅಡಿ ಆಚೆ ಕೂಡಿಸಿದೆವು. ಟಾಕಿಯ ಅಂಕಿ, ಮೀಟರಿನ ಅಂಕಿ ಒಂದೇ. ಅವಳು ಪೈಪಿನ ಮೇಲೆಯೇ ಕಾಗದ ಇಟ್ಟು, ತಪ್ಪು ತನ್ನದೆಂದು ಬರೆದು, ನನ್ನ ಕೈಗೆ ಕೊಟ್ಟಳು.

ಕೆಲಸ ಉಳಿಯಿತು. ಸಿಟ್ಟು ಇಳಿಯಲಿಲ್ಲ.

“ಇನ್ನೂ ಮಾರಿ ಉಬ್ಬಿಸ್ಕೊಂಡೇ ಅದೀರಲ್ಲ?”

“ಊರ ಮುಂದ ಕಳ್ಳ ಅಂದ್ರಿ. ಒಂದು ಕಾಗದಕ್ಕ ಹೋಗ್ತದೇನು ಅದು?”

“ಹೋಗಂಗಿಲ್ಲ. ಬಯ್ರಿ ನನಗ. ಆದ್ರ ಇವತ್ತೇ ಎಲ್ಲಾ ಬೈದು ಮುಗಸಬ್ಯಾಡ್ರಿ.” ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿದಳು. “ನಾಳಿ ನಿಮ್ಮನ್ನ ನೋಡಾಕ ನನಗ ಬ್ಯಾರೆ ನೆವ ಇಲ್ಲ.”

ಬೈಗುಳ ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ.

“ಈಗ ಏನೂ ಬ್ಯಾಡ್ರಿ. ಈಗಷ್ಟೇ ತಿರುವು ದಾಟೀವಿ. ಈಗ ಅಳೆದ್ರ ತಪ್ಪೇ ಬರ್ತದ.”

“ಮತ್ತ?”

“ಸ್ವಲ್ಪ ನಡೀರಿ.”

ಪೈಪಿನ ಆ ಬದಿ ಅವಳು, ಈ ಬದಿ ನಾನು. ಆರು ಅಡಿಗೆ ನಿಂತು ಕೇಳಿದಳು: “ಈಗ?”

“ಮನಶ್ಯಾರಿಗಿ ಜಾಸ್ತಿ ಬೇಕಾಗ್ತದ.”

ಟಾಕಿಯವರೆಗೆ ಬಂದೆವು. ಸ್ಕೂಟಿ ಬೆಂಡಿನ ಹತ್ತಿರವೇ ಉಳಿದಿತ್ತು, ಕೀಲಿ ಸಮೇತ. ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹಿಂದಕ್ಕೆ ತಿರುಗಲಿಲ್ಲ.