ನಾಲ್ಕು ಇಟ್ಟಿಗೆ ಎತ್ತರ

"ಅಯ್ಯೋ, ಕಣ್ಣು ನೋಡ್ರೀ ಕಣ್ಣು! ದುಂಡಗಿದ್ದ ಕಣ್ಣನ್ನ ಚೌಕ ಮಾಡಿಬಿಟ್ಟಿದ್ದಾರೆ!"

ಬೇಕರಿ ಅಂಕಲ್ ತಮ್ಮ ಫೋನನ್ನು ಎಲ್ಲರ ಮೂಗಿನ ಹತ್ತಿರ ಹಿಡಿದು ತೋರಿಸುತ್ತಿದ್ದರು. ಅಪ್ಪನ ಫ್ಲೆಕ್ಸ್ ಅಂಗಡಿಯಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. 'ಹಳೇ ಕಡವೆ ಬಳಗ'ದ ಹನ್ನೊಂದು ಜನರೂ ಬಂದಿದ್ದರು. ಎಲ್ಲರ ಮುಖವೂ ಸಾವಿನ ಮನೆಗೆ ಬಂದವರ ಹಾಗಿತ್ತು.

ಯಾರೂ ತೀರಿಕೊಂಡಿರಲಿಲ್ಲ. ಕಡವೆ ಎಂಬ ಗಾಡಿಯ ಹೊಸ ಮಾಡೆಲ್ ಬಂದಿತ್ತು, ಅಷ್ಟೆ.

ಕಡವೆ ಎಂದರೆ ಕಲ್ಲು, ಕೆಸರು, ಹಳ್ಳ, ಯಾವುದಕ್ಕೂ ಜಗ್ಗದ ಗಾಡಿ. ಡಬ್ಬದಂಥ ಮೈ, ಎರಡು ದುಂಡು ದೀಪ, ಹತ್ತಬೇಕಾದರೆ ಒಂದು ಹಾರು ಹಾರಬೇಕು. ಮೂವತ್ತು ವರ್ಷ ಅದು ಒಂಚೂರೂ ಬದಲಾಗಿರಲಿಲ್ಲ. ಬಳಗದವರು ಪ್ರತಿ ಭಾನುವಾರ ತಮ್ಮ ಹಳೇ ಕಡವೆಗಳಲ್ಲಿ ಗುಡ್ಡ ಸುತ್ತುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ನಿಯಮ: ಕಡವೆಯ ಒಂದು ಸ್ಕ್ರೂ ಕೂಡ ಬದಲಾಯಿಸಬಾರದು. ಬಳಗದ ಕಾರ್ಯದರ್ಶಿ ಅಪ್ಪ. ಆ ನಿಯಮ ಬರೆದದ್ದೂ ಅಪ್ಪನೇ.

"ಬಾಗಿಲ ಕೆಳಗೆ ಇದೇನ್ರೀ? ಮೆಟ್ಟಿಲಾ?" ಎಂದರು ಟೈಲರ್ ಅಂಕಲ್.

"ಮೆಟ್ಟಿಲೇ! ಪಕ್ಕದಲ್ಲಿ ಹಿಡ್ಕೊಳ್ಳೋಕೆ ಹ್ಯಾಂಡಲ್ ಬೇರೆ!"

"ಕಡವೆಗೆ ಮೆಟ್ಟಿಲು! ಒಳಗೊಂದು ತೊಟ್ಟಿಲೂ ಕಟ್ಟಿಬಿಡ್ಲಿ!"

ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. "ನಮ್ಮಪ್ಪ ನನ್ನನ್ನ ಕಡವೇಲೇ ಸ್ಕೂಲಿಗೆ ಬಿಡ್ತಿದ್ರು," ಎಂದ. "ಮೊದಲು ಎತ್ತಿ ಕೂರಿಸ್ತಿದ್ರು. ಒಂದಿನ ನಾನೇ ಹಾರಿ ಹತ್ತಿದೆ. ಅವತ್ತು ನಾನು ದೊಡ್ಡೋನಾದೆ ಅನ್ನಿಸ್ತು. ಈ ಹೊಸದ್ರಲ್ಲಿ ಅದೆಲ್ಲ ಎಲ್ಲಿ?"

ಅಪ್ಪನ ದನಿ ಸಣ್ಣಗಾಗಿತ್ತು. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಪೆನ್ಸಿಲ್‌ಗೆ ಅದನ್ನು ಕೇಳಿ ಸಂಕಟವಾಯಿತು.

ಪೆನ್ಸಿಲ್ ಎಂದರೆ ಅಪ್ಪನ ಮಗಳು, ಐದನೇ ಕ್ಲಾಸ್. ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದಳು, ಅದಕ್ಕೇ ಆ ಹೆಸರು. ಅಪ್ಪನನ್ನು ಹೇಗಾದರೂ ನಗಿಸಬೇಕು ಅನ್ನಿಸಿತು ಅವಳಿಗೆ. ರದ್ದಿ ಕಾಗದ ಎಳೆದುಕೊಂಡು ಗೀಚತೊಡಗಿದಳು. ಚೌಕ ಕಣ್ಣಿನ ಹೊಸ ಕಡವೆ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಅಜ್ಜಿ. ಕೈಯಲ್ಲಿ ಕೋಲು, ಇಷ್ಟುದ್ದ ಮೂಗು. ಕೆಳಗೆ ದಪ್ಪ ಅಕ್ಷರದಲ್ಲಿ 'ಅಜ್ಜಿ ಗಾಡಿ!'

ಬೇಕರಿ ಅಂಕಲ್ ನೋಡಿ ಬಿದ್ದು ಬಿದ್ದು ನಕ್ಕರು. ಕಾಗದ ಕೈಯಿಂದ ಕೈಗೆ ಹೋಯಿತು. ಕೊನೆಗೆ ಅಪ್ಪನೂ ನಕ್ಕ.

"ಇದನ್ನೇ ಫ್ಲೆಕ್ಸ್ ಮಾಡೋಣ! ಭಾನುವಾರ ಶೋರೂಮ್ ಎದುರಿನ ಮೈದಾನದಲ್ಲಿ ಕಟ್ಟೋಣ. ಕಂಪನಿಯವರು ನೋಡ್ಲಿ!" ಎಂದರು ಬೇಕರಿ ಅಂಕಲ್.

ಹತ್ತಡಿ ಅಗಲದ ಫ್ಲೆಕ್ಸ್! ಮಷಿನ್ನಿನಿಂದ ತನ್ನ ಚಿತ್ರ ಇಂಚಿಂಚಾಗಿ ಹೊರಗೆ ಬರುವುದನ್ನು ಪೆನ್ಸಿಲ್ ಕಣ್ಣು ಮಿಟುಕಿಸದೆ ನೋಡಿದಳು. ಆ ಎರಡು ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಶನಿವಾರ ಮಧ್ಯಾಹ್ನ ಅತ್ತೆ ಬಂದಳು. ಅಪ್ಪನ ತಂಗಿ ಅವಳು. ದೂರದ ಊರಿನಲ್ಲಿ, ಕಡವೆ, ಲಾರಿ ಎಲ್ಲ ತಯಾರಿಸುವ ಕಂಪನಿಯಲ್ಲೇ ಡಿಸೈನರ್. ಏನು ಡಿಸೈನ್ ಮಾಡುತ್ತೀಯ ಎಂದು ಯಾರು ಕೇಳಿದರೂ ಎರಡು ವರ್ಷದಿಂದ "ಹೇಳೋ ಹಾಗಿಲ್ಲ" ಎನ್ನುತ್ತಿದ್ದಳು. ಲಾರಿಯೇ ಇರಬೇಕು ಎಂದುಕೊಂಡಿದ್ದ ಅಪ್ಪ.

ಅತ್ತೆ ಬ್ಯಾಗು ಇಟ್ಟವಳೇ ಪೆನ್ಸಿಲ್‌ಳ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಗೋಡೆಯ ಮೇಲೆ ಒಂದು ಹಸಿರು ಚಾಕ್‌ಪೀಸ್ ಗೆರೆ. ಮಾಸಿತ್ತು, ಆದರೂ ಕಾಣುತ್ತಿತ್ತು.

"ಇದು ನೆನಪಿದೆಯಾ?"

ನೆನಪಿಲ್ಲದೆ ಏನು! ಮೂರನೇ ಕ್ಲಾಸಿನ ರಜೆಯಲ್ಲಿ ಅತ್ತೆ ಇಲ್ಲಿ ಇಟ್ಟಿಗೆ ಪೇರಿಸಿ "ಅಮ್ಮಾ, ಇದರ ಮೇಲೆ ಕಾಲಿಡು" ಎಂದು ಅಜ್ಜಿಯನ್ನು ಗೋಳು ಹೊಯ್ದುಕೊಂಡಿದ್ದಳು. ಇಟ್ಟಿಗೆ ಹೊತ್ತು ತಂದದ್ದು ಪೆನ್ಸಿಲ್. ಅಜ್ಜಿಗೆ ಜಿಮ್ ಕ್ಲಾಸ್ ಎಂದುಕೊಂಡು ಅವಳು ಕುಣಿದಿದ್ದಳು. ಆರು ಇಟ್ಟಿಗೆಗೆ ಅಜ್ಜಿಯ ಕಾಲು ಏಳಲೇ ಇಲ್ಲ. ಐದಕ್ಕೆ "ಅಯ್ಯಮ್ಮಾ" ಎಂದು ಗೋಡೆ ಹಿಡಿದಳು. ನಾಲ್ಕಕ್ಕೆ ಸಲೀಸಾಗಿ ಹತ್ತಿ ನಿಂತಳು. ಗೋಡೆಯ ಮೇಲೆ ಅಜ್ಜಿಯ ಕೈ ಇದ್ದ ಕಡೆ ಅತ್ತೆ ಈ ಗೆರೆ ಎಳೆದಿದ್ದಳು. ಚಾಕ್‌ಪೀಸೂ ಪೆನ್ಸಿಲ್‌ಳದ್ದೇ.

"ಹೊಸ ಕಡವೆಗೆ ಮೆಟ್ಟಿಲಿದೆ, ನೋಡಿದ್ಯಾ?" ಅತ್ತೆಯ ಕಣ್ಣು ಹೊಳೆಯುತ್ತಿತ್ತು. "ದೀಪ, ಬಾನೆಟ್ಟು ಎಲ್ಲ ಬೇರೆಯವರದ್ದು. ಮೆಟ್ಟಿಲು, ಹ್ಯಾಂಡಲ್ ಮಾತ್ರ ನಂದು. ಎರಡು ವರ್ಷ ಅದೊಂದಕ್ಕೇ ಒದ್ದಾಡಿದೀನಿ. ಎಷ್ಟೆತ್ತರ ಇದೆ ಗೊತ್ತಾ? ನಾಲ್ಕು ಇಟ್ಟಿಗೆ! ನಾಳೆ ಅಮ್ಮನ್ನ ಕರ್ಕೊಂಡು ಹೋಗಿ ಹತ್ತಿಸ್ತೀನಿ. ಅಣ್ಣಂಗೆ ಈಗ್ಲೇ ಹೇಳ್ಬೇಡ, ಪ್ರಾಮಿಸ್?"

"ಪ್ರಾಮಿಸ್," ಎಂದಳು ಪೆನ್ಸಿಲ್. ಅವಳ ಕಣ್ಣ ಮುಂದೆ ಆ ಹತ್ತಡಿ ಫ್ಲೆಕ್ಸ್ ಬಂದು ನಿಂತಿತ್ತು.

ಅಪ್ಪ ಅಂಗಡಿ ಮುಚ್ಚಿ ಬರುತ್ತಿದ್ದಂತೆ ಅವನ ಬೆನ್ನು ಹತ್ತಿದಳು. "ಅಪ್ಪಾ, ಆ ಫ್ಲೆಕ್ಸ್ ಬೇಡಪ್ಪ."

"ಯಾಕೇ?"

"ಚೆನ್ನಾಗಿಲ್ಲ."

"ಹೋಗೇ, ಸೂಪರಾಗಿದೆ! ಬೇಕರಿ ಅಂಕಲ್ ಆಗ್ಲೇ ಕಟ್ಟಿ ಬಂದ್ರು. ಬಸ್ಸಲ್ಲಿ ಹೋಗೋರೂ ತಿರುಗಿ ನೋಡ್ತಿದಾರಂತೆ."

ಪೆನ್ಸಿಲ್‌ಗೆ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಕಡವೆ ಹೊರಡಿಸಿದ. "ಅಮ್ಮಾ, ಬರ್ತೀಯಾ?" ಎಂದು ಎಂದಿನಂತೆ ಕೇಳಿದ. "ಧೂಳು ಕಣೋ, ನೀನು ಹೋಗು," ಎಂದು ಅಜ್ಜಿಯೂ ಎಂದಿನಂತೆ ಹೇಳಿದಳು. ಅಪ್ಪ ಹೋದ ಮೇಲೆ ಅತ್ತೆ ಆಟೋ ಕರೆಸಿದಳು.

ದಾರಿಯುದ್ದಕ್ಕೂ ಗಾಳಿ ಜೋರಾಗಿ ಬೀಸಿ ಫ್ಲೆಕ್ಸ್ ಹರಿದುಹೋಗಲಿ ಎಂದು ಪೆನ್ಸಿಲ್ ಬೇಡಿಕೊಂಡಳು. ಒಂದು ಎಲೆಯೂ ಅಲುಗಲಿಲ್ಲ.

ಮೈದಾನದಲ್ಲಿ ಹಳೇ ಕಡವೆಗಳು ಸಾಲಾಗಿ ನಿಂತಿದ್ದವು. ಎದುರಿಗೆ ಶೋರೂಮಿನ ಅಂಗಳದಲ್ಲಿ ಹೊಸ ಕಡವೆ ಒಂಟಿಯಾಗಿತ್ತು. ಎರಡರ ನಡುವೆ ಆ ಫ್ಲೆಕ್ಸ್.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅಕ್ಷರ ಕೂಡಿಸಿ ಓದಿದಳು. "ಅಜ್ಜಿ... ಗಾಡಿ."

ಅತ್ತೆಯ ಮುಖ ಚಿಕ್ಕದಾಯಿತು. ಅವಳು ಬರೀ ಮೆಟ್ಟಿಲ ಚಿತ್ರವನ್ನೇ ನೋಡುತ್ತಿದ್ದಳು. "ಯಾರು ಬರೆದಿದ್ದೋ ಏನೋ," ಎಂದಳು ಮೆಲ್ಲಗೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫ್ಲೆಕ್ಸಿನ ಮೇಲೆ ಹೆಸರಿರಲಿಲ್ಲ.

"ನಾನು," ಎಂದಳು ಪೆನ್ಸಿಲ್. "ನಾನೇ ಅತ್ತೆ. ಅಪ್ಪ ಬೇಜಾರಲ್ಲಿದ್ದ, ನಗಿಸೋಕೆ... ನೀನು ಮಾಡಿದ್ದು ಅಂತ ಗೊತ್ತಿರ್ಲಿಲ್ಲ."

ಅತ್ತೆ ಫ್ಲೆಕ್ಸಿನಿಂದ ಕಣ್ಣು ಕಿತ್ತು ಹೊಸ ಕಡವೆಯ ಕಡೆ ತಿರುಗಿದಳು. ಅಜ್ಜಿ ಮಾತ್ರ ಇನ್ನೂ ಕತ್ತೆತ್ತಿ ನೋಡುತ್ತಲೇ ಇದ್ದಳು.

"ಮೂಗು ಸರಿಯಾಗಿದೆ," ಎಂದಳು ಕೊನೆಗೆ. "ಕೋಲೂ ನಂದೇ. ಕಾಲು ತಪ್ಪು."

"ಕಾಲಾ?"

"ಬಲಗಾಲು ಎತ್ತಿಸಿದೀಯಲ್ಲೇ. ನನ್ನ ಬಲಮಂಡಿ ಎಲ್ಲಿ ಮಡಚುತ್ತೆ? ನಾನು ಯಾವಾಗ್ಲೂ ಎಡಗಾಲೇ ಮೊದಲು ಇಡೋದು. ದಿನಾ ಜೊತೇಲಿರ್ತೀಯ, ನೋಡಿಲ್ವಾ?"

ಅಜ್ಜಿಯ ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಪೆನ್ಸಿಲ್‌ಗೆ.

"ಹಿಡ್ಕೋ," ಎಂದು ಅಜ್ಜಿ ಕೋಲನ್ನು ಅವಳ ಕೈಗೆ ಕೊಟ್ಟು ಹೊಸ ಕಡವೆಯ ಹತ್ತಿರ ನಡೆದಳು. ಅತ್ತೆ ಓಡಿಹೋಗಿ ಬಾಗಿಲು ತೆಗೆದಳು. ಅಜ್ಜಿ ಎಡಗೈಯಲ್ಲಿ ಹ್ಯಾಂಡಲ್ ಹಿಡಿದಳು. ಎಡಗಾಲು ಮೆಟ್ಟಿಲ ಮೇಲೆ. ಒಂದು ಉಸಿರು. ಅಜ್ಜಿ ಸೀಟಿನ ಮೇಲಿದ್ದಳು. ಯಾರೂ ಎತ್ತಲಿಲ್ಲ, ಯಾರೂ ತಳ್ಳಲಿಲ್ಲ.

ಮೈದಾನದಲ್ಲಿದ್ದವರೆಲ್ಲ ಇತ್ತ ತಿರುಗಿದರು. ಅಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿಬಂದ.

"ಅಮ್ಮಾ! ನೀನಿಲ್ಲಿ? ಹುಷಾರು!"

"ಹತ್ತಿದ್ದೂ ಆಯ್ತು, ಇನ್ನೇನು ಹುಷಾರು?" ಎಂದಳು ಅಜ್ಜಿ. "ನಿನ್ನ ತಂಗಿ ನನ್ನ ಅಳತೆಗೇ ಮಾಡಿದಾಳೆ ನೋಡು ಈ ಮೆಟ್ಟಿಲು."

ಅಪ್ಪ ತಂಗಿಯನ್ನು ನೋಡಿದ, ಫ್ಲೆಕ್ಸ್ ನೋಡಿದ, ಮತ್ತೆ ಅಜ್ಜಿಯನ್ನು ನೋಡಿದ. "ಹಾಗಾದ್ರೆ ಇಷ್ಟು ದಿನ... ಧೂಳು ಅಂತಿದ್ದೆ?"

"ಧೂಳಿಗೆ ನಾನು ಯಾವತ್ತೋ ಹೆದರಿದ್ದು? ನಿಮ್ಮಪ್ಪನ ಜೊತೆ ಅದೇ ಕಡವೇಲಿ ಊರೂರು ಸುತ್ತಿದೋಳು ನಾನು. ಹತ್ತೋಕಾಗಲ್ಲ ಅಂದ್ರೆ ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ."

ಅಪ್ಪ ನೇರವಾಗಿ ಹೋಗಿ ಫ್ಲೆಕ್ಸಿನ ಹಗ್ಗ ಬಿಚ್ಚತೊಡಗಿದ. ಪೆನ್ಸಿಲ್ ಇನ್ನೊಂದು ತುದಿ ಬಿಚ್ಚಿದಳು.

"ಎಲ್ಲ ಸರಿ ಕಣಮ್ಮ," ಎಂದು ಬೇಕರಿ ಅಂಕಲ್ ಅತ್ತೆಯ ಹತ್ತಿರ ಗೊಣಗಿದರು. "ಆದ್ರೂ ಕಣ್ಣು ಚೌಕ ಮಾಡಬಾರದಿತ್ತು."

"ಅದು ನಂಗೂ ಇಷ್ಟ ಇಲ್ಲ ಅಂಕಲ್," ಎಂದು ಅತ್ತೆ ಅವತ್ತು ಮೊದಲ ಸಲ ನಕ್ಕಳು. ಆ ಕಡೆ ಟೈಲರ್ ಅಂಕಲ್ ಯಾರೂ ನೋಡುತ್ತಿಲ್ಲ ಎಂದುಕೊಂಡು ಸೊಂಟ ಹಿಡಿದು ಎರಡು ಸಲ ಮೆಟ್ಟಿಲು ಹತ್ತಿ ಇಳಿದರು.

ಸಂಜೆ ಮನೆಯಂಗಳದಲ್ಲಿ ಅಪ್ಪ ತನ್ನ ಹಳೇ ಕಡವೆಯ ಎಡಬಾಗಿಲ ಹತ್ತಿರ ಟೇಪು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ.

"ಒಂದು ಸ್ಕ್ರೂ ಕೂಡ ಬದಲಾಯಿಸಬಾರದು ಅಂತಿತ್ತಲ್ಲಪ್ಪ?" ಎಂದಳು ಪೆನ್ಸಿಲ್.

"ಒಂದಲ್ಲ, ಎಂಟು ಸ್ಕ್ರೂ ಹಿಡಿಯುತ್ತೆ," ಎಂದ ಅಪ್ಪ ತಲೆಯೆತ್ತದೆ. "ವೆಲ್ಡಿಂಗ್ ಅಂಗಡಿಯವನಿಗೆ ಅಳತೆ ಕೊಡ್ಬೇಕು. ಎಷ್ಟೆತ್ತರ ಬೇಕು ಅಂತ ಅಜ್ಜಿನ ಕೇಳ್ಕೊಂಡು ಬಾ."

"ಕೇಳೋದು ಬೇಡ."

ಪೆನ್ಸಿಲ್ ಹಿತ್ತಲಿಗೆ ಓಡಿ ಒಂದೊಂದಾಗಿ ನಾಲ್ಕು ಇಟ್ಟಿಗೆ ತಂದು ಬಾಗಿಲ ಕೆಳಗೆ ಪೇರಿಸಿದಳು. ಸರಿಯಿದೆಯೋ ಇಲ್ಲವೋ ಎಂದು ತಾನೇ ಹತ್ತಿ ನೋಡಲು ಬಲಗಾಲು ಎತ್ತಿದಳು.

ಅಲ್ಲೇ ತಡೆದಳು. ಅದನ್ನು ಕೆಳಗಿಟ್ಟು, ಎಡಗಾಲು ಎತ್ತಿದಳು.