ಓಕ್ ಮರದಡಿಯ ನಾಣ್ಯ

ಡಬ್ಬಿಯಲ್ಲಿ ತುಕ್ಕು ಮೊಳೆಗಳಿದ್ದವು. ಹಳೇ ಹಿತ್ತಾಳೆ ಗುಂಡಿಗಳಿದ್ದವು. ನಾಣ್ಯ ಮಾತ್ರ ಇರಲಿಲ್ಲ.

"ಚಹಾ ಕುಡಿದು ಬರೋದ್ರೊಳಗೆ ಮಾಯ," ಅಂದ ಸಿರಿಲ್ ಗಾಟ್ಸ್.

ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಆ ಹುಲ್ಲುಗಾವಲಲ್ಲಿ ಅಂದು ಭಾನುವಾರದ ಹುಡುಕಾಟ. ಮೆಟಲ್ ಡಿಟೆಕ್ಟರ್ ಹಿಡಿದು ಹಳೇ ನಾಣ್ಯ ಹುಡುಕುವವರ ಸಂಘ ಅದು. ಮೂವತ್ತು ವರ್ಷ ಅಲೆದರೂ ಸಿರಿಲ್‌ಗೆ ಬೆಳ್ಳಿಯ ಚೂರೂ ಸಿಕ್ಕಿರಲಿಲ್ಲ. ಎದೆ ದುರ್ಬಲ, ಇನ್ನು ಅಗೆಯುವ ಕೆಲಸ ಸಾಕು ಅಂದಿದ್ದರು ಡಾಕ್ಟರು. ಇದೇ ಅವನ ಕೊನೆಯ ಭಾನುವಾರ. ಬೆಳಿಗ್ಗೆ ಓಕ್ ಮರದಡಿ ಡಿಟೆಕ್ಟರ್ ಕಿಂಯ್ ಅಂತು. ರೋಮನ್ನರ ಕಾಲದ ಬೆಳ್ಳಿ ನಾಣ್ಯ! ಮುದುಕ ಟೋಪಿ ತೂರಿ ಕುಣಿದ. ಈಗ ನೋಡಿದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸಂಘದ ಕಾರ್ಯದರ್ಶಿ ಬ್ರೆಂಡಾ ಲಾರ್ಟರ್ ನಿವೃತ್ತ ಪೊಲೀಸ್. ಅವಳಿಗೆ ಸಿಟ್ಟು ಬಂತು. ಇಂಥವನ ಹತ್ತಿರ ಕದಿಯೋಕೆ ಯಾರಿಗಪ್ಪಾ ಮನಸ್ಸು ಬಂತು?

ಎಲ್ಲರ ಕಣ್ಣೂ ಡೆರೆಕ್ ಮಾಬ್ಸ್ ಕಡೆ ತಿರುಗಿದವು. "ಮುದುಕರ ಅದೃಷ್ಟ" ಅಂತ ಬೆಳಿಗ್ಗೆ ಮೂಗು ಮುರಿದವನು ಅವನೇ.

"ಚೀಲ ತೋರಿಸು ಡೆರೆಕ್," ಅಂದಳು ಬ್ರೆಂಡಾ.

"ನನ್ನದೊಂದೇ ಯಾಕೆ?" ಅನ್ನುತ್ತಲೇ ಡೆರೆಕ್ ಚೀಲ ಸುರಿದ. ಸ್ಯಾಂಡ್‌ವಿಚ್, ಕಾಲುಚೀಲ. ಅಷ್ಟೇ.

* * *

ಬ್ರೆಂಡಾ ಓಕ್ ಮರದ ಹತ್ತಿರ ಹೋದಳು.

ಈ ಜನರದ್ದೊಂದು ಕಟ್ಟಳೆ ಇದೆ. ಹುಲ್ಲನ್ನು ಮಣ್ಣಿನ ಸಮೇತ ಮುಚ್ಚಳದ ಹಾಗೆ ಕೊಯ್ದು ಎತ್ತಬೇಕು, ಕೆಲಸ ಮುಗಿದ ಮೇಲೆ ಹಾಗೇ ಮುಚ್ಚಿಡಬೇಕು. ಇವತ್ತು ಅಗೆದು ಮುಚ್ಚಿದ ಕುಳಿಗಳ ಮೇಲೆಲ್ಲ ಹುಲ್ಲು ಹಸಿರಾಗಿತ್ತು. ಸಿರಿಲ್‌ನ ಕುಳಿಯ ಮೇಲೆ ಮಾತ್ರ ಒಣಗಿ ಹಳದಿಯಾಗಿತ್ತು.

ಅವಳು ಬಗ್ಗಿ ಆ ಒಣ ಹುಲ್ಲನ್ನು ಮುಟ್ಟಿ ನೋಡಿದಳು. ಪಕ್ಕದಲ್ಲಿ ಸಿರಿಲ್‌ನ ಮಡಚುವ ಕುರ್ಚಿ ಇತ್ತು.

* * *

ಗುಡಾರದಲ್ಲಿ ಸಿರಿಲ್‌ನ ಹೆಂಡತಿ ಐವಿ ಒಬ್ಬಳೇ ಬಟ್ಟಲು ತೊಳೆಯುತ್ತಿದ್ದಳು. ಸಂಘಕ್ಕೆಲ್ಲ ಚಹಾ ಅವಳದೇ.

"ಐವಿ, ಮರದಡಿ ಕುರ್ಚಿ ಹಾಕಿದ್ದು ಯಾರು?"

"ನಾನೇ ಕಣೇ. ಅವನಿಗೆ ದೂರ ನಡೆಯೋಕಾಗಲ್ಲ."

"ಅಲ್ಲಿನ ಹುಲ್ಲು ಒಣಗಿದೆ, ಯಾರೋ ನಾಲ್ಕು ದಿನ ಮೊದಲೇ ಕೊಯ್ದಿದ್ದಾರೆ. ಅಂದ್ರೆ ನಾಣ್ಯ ಹೂತಿಟ್ಟದ್ದು. ಸಿರಿಲ್ ಎಲ್ಲಿ ಹುಡುಕ್ತಾನೆ ಅಂತ ಗೊತ್ತಿದ್ದದ್ದು ಕುರ್ಚಿ ಹಾಕಿದವಳಿಗೆ. ಚಹಾ ಹೊತ್ತಲ್ಲಿ ನಾನೇನಂದೆ? ಈ ಹುಲ್ಲುಗಾವಲಲ್ಲಿ ರೋಮನ್ನರ ಕುರುಹು ಇದೇ ಮೊದಲು, ನಾಳೆ ಪುರಾತತ್ವದವರು ಬಂದು ಅಗೆದು ನೋಡ್ತಾರೆ ಅಂದೆ. ಆಮೇಲೇ ನಾಣ್ಯ ಹೋಯ್ತು."

ಐವಿ ಸಕ್ಕರೆ ಡಬ್ಬಿಗೆ ಕೈ ಹಾಕಿ ನಾಣ್ಯ ತೆಗೆದಳು. ಅವಳಿಗೆ ಅಳು ಬಂತು.

"ಅಂಗಡೀಲಿ ಕೊಂಡದ್ದು. ಜನ್ಮದಲ್ಲಿ ಒಂದು ಸಲ ಅವನಿಗೆ ಸಿಗಲಿ ಅಂತ ಮಾಡಿದೆ. ಅಧಿಕಾರಿಗಳು ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು? ನಾಳೆ ಅವರು ನನ್ನ ಗಂಡನ್ನ ಮೋಸಗಾರ ಅಂದ್ರೆ? ಅವನಿಗೆ ಹೇಳಬೇಡ ಬ್ರೆಂಡಾ. ಎದೆ ಒಡೆದುಹೋಗತ್ತೆ."

"ಏನೂ ಒಡೆಯಲ್ಲ."

ಬಾಗಿಲಲ್ಲಿ ಸಿರಿಲ್ ನಿಂತಿದ್ದ.

"ಹುಲ್ಲು ಒಣಗಿದ್ದು ನನಗೆ ಕಾಣಲ್ವೇನೇ? ಮೂವತ್ತು ವರ್ಷ ನಾನೇನು ಕತ್ತೆ ಕಾದೆನಾ? ನಾಳೆ ಅಧಿಕಾರಿಗೆ ನಾನೇ ನಿಜ ಹೇಳ್ತಿದ್ದೆ. ಯಾರೋ ಕದ್ದರು ಅಂತ ಸಂಕಟಪಟ್ಟದ್ದು ಮಾತ್ರ ಸುಳ್ಳಲ್ಲ. ನೀನು ಕೊಟ್ಟದ್ದಲ್ಲವಾ ಅದು?"

"ಗೊತ್ತಿದ್ದೂ ಹಾಗೆ ಕುಣಿದೆಯಲ್ಲೋ ಮುದುಕಾ?"

"ಆ ಹಾಳು ಮಂಡಿ ಇಟ್ಕೊಂಡು ಬೇಲಿ ದಾಟಿ ಬಂದು, ನನಗೋಸ್ಕರ ನೆಲ ಅಗೆದಿದ್ದೀಯ. ಯಾವನು ಕುಣಿಯಲ್ಲ?"

ಐವಿ ಪಾತ್ರೆ ಒರೆಸುವ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡಳು. ಬ್ರೆಂಡಾ ಹೊರಗೆ ಹೋಗಿ ಡೆರೆಕ್‌ನ ಕ್ಷಮೆ ಕೇಳಿದಳು. ಸಿರಿಲ್ ಎಲ್ಲರೆದುರು ನಡೆದದ್ದನ್ನು ತಾನೇ ಹೇಳಿದ. ಡೆರೆಕ್ ಟೋಪಿ ತೆಗೆದು ನೆಲ ನೋಡಿದ.

"ಎಲ್ಲಿಗೆ ಹೊರಟೆ?" ಡಿಟೆಕ್ಟರ್ ಎತ್ತಿಕೊಂಡ ಸಿರಿಲ್‌ನನ್ನು ಐವಿ ಕೇಳಿದಳು.

"ಇನ್ನೂ ಬೆಳಕಿದೆ. ಕುರ್ಚಿ ತಗೊಂಡು ಬಾ. ನೀನು ಅಗೆ, ನಾನು ಕಿವಿಗೊಟ್ಟು ಕೇಳ್ತೀನಿ."

ಬೇಲಿಯ ಹತ್ತಿರ ಡಿಟೆಕ್ಟರ್ ಕಿಂಯ್ ಅಂತು. ಐವಿ ನರಳುತ್ತ ಮಂಡಿಯೂರಿ ಅಗೆದಳು. ಸಿಕ್ಕಿದ್ದು ಬೆರಳುದ್ದದ ತುಕ್ಕು ಮೊಳೆ.

ಸಿರಿಲ್ ಅದನ್ನು ನಾಣ್ಯದ ಪಕ್ಕದಲ್ಲೇ ಡಬ್ಬಿಗೆ ಹಾಕಿಕೊಂಡ. "ಇದು ನೀನು ಹೂತಿದ್ದಲ್ಲ ತಾನೇ?" ಅಂದ.